ಹಡಗು ಇಳಿದು ಒಂದು ರಾತ್ರಿ: ಹಡಗಿನವರ ಟೂರೋ, ನಾವೇ ಗೊತ್ತು ಮಾಡಿದ ಗಾಡಿಯೋ?

ಶಿವಮೊಗ್ಗದ ಕಡೆಯಿಂದ ಕ್ರೂಸ್‌ಗೆ, ಅಂದರೆ ಬಂದರಿಂದ ಬಂದರಿಗೆ ಸುತ್ತುವ ಹಡಗಿನ ಪ್ರವಾಸಕ್ಕೆ, ಹೋಗುವವರು ಈಗೀಗ ಜಾಸ್ತಿ ಆಗಿದ್ದಾರೆ. ಅಡಿಕೆ ಕೊಯ್ಲು, ಸುಲಿಯೋದು, ಒಣಗಿಸೋದು ಎಲ್ಲ ಮುಗಿದ ಮೇಲೆ ಮಕ್ಕಳಿರುವ ದೇಶಕ್ಕೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಾರೆ. ಹೊರಡುವ ಮುಂಚೆ ನನಗೆ ಫೋನ್ ಮಾಡಿದವರೆಲ್ಲ ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು. ಹಡಗು ಬಂದರಿನಲ್ಲಿ ರಾತ್ರಿ ನಿಲ್ಲುತ್ತದೆ, ನೋಡಬೇಕಾದ ಊರು ನೂರಾರು ಕಿಲೋಮೀಟರ್ ದೂರ, ಅಲ್ಲೇ ಉಳಿದು ಬರಬೇಕು. ಹಡಗಿನವರ ಟೂರ್ ತಗೊಳ್ಳೋದಾ, ನಾವೇ ಗಾಡಿ, ಹೋಟೆಲ್ ನೋಡಿಕೊಳ್ಳೋದಾ?

ನಾನು ಎರಡೂ ಮಾಡಿದ್ದೇನೆ. ಥಾಯ್ಲೆಂಡಿನಲ್ಲಿ ನಾವೇ ವ್ಯವಸ್ಥೆ ಮಾಡಿಕೊಂಡೆವು, ಈಜಿಪ್ಟಿನಲ್ಲಿ ಹಡಗಿನವರ ಜೊತೆ ಹೋದೆವು. ಮತ್ತೆ ಹೋಗುವ ಯೋಗ ಬಂದರೂ ಹಾಗೇ ಮಾಡುತ್ತೇನೆ.

ಎಲ್ಲರೂ ಮೊದಲು ರೇಟು ನೋಡುತ್ತಾರೆ. ನಾನು ನೋಡುವುದು ತಡವಾದರೆ ಯಾರ ತಲೆ ಮೇಲೆ ಬೀಳುತ್ತದೆ ಅಂತ. ಹಡಗಿನವರ ಟೂರ್ ಬಸ್ಸು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಕಾಯಲು ಆಗದೇ ಹೋದರೆ ನಮ್ಮನ್ನು ಮುಂದಿನ ಬಂದರಿಗೆ ತಲುಪಿಸುವುದು ಅವರ ಹೊಣೆ. ನಾವೇ ಹೋಗಿ ತಡವಾದರೆ ಹಡಗು ಹೊರಟೇಬಿಡುತ್ತದೆ. ಸೇತುವೆ ಆಗುವ ಮುಂಚೆ ಸಿಗಂದೂರಿಗೆ ಹೋಗುವಾಗ ಸಂಜೆಯ ಕೊನೇ ಲಾಂಚ್ ತಪ್ಪಿದರೆ ಅಂಬಾರಗೋಡ್ಲು ದಡದಲ್ಲೇ ನಿಲ್ಲಬೇಕಿತ್ತಲ್ಲ, ಥೇಟ್ ಹಾಗೆ. ಇಲ್ಲಿ ಇನ್ನೊಂದು ತೊಡಕಿದೆ. ನಮ್ಮದು ಭಾರತದ ಪಾಸ್‌ಪೋರ್ಟ್. ಮುಂದಿನ ಬಂದರು ಬೇರೆ ದೇಶದಲ್ಲಿದ್ದರೆ ವಿಮಾನದ ಟಿಕೆಟ್ ಜೊತೆಗೆ ಆ ದೇಶಕ್ಕೆ ವಿಮಾನದಲ್ಲಿ ಇಳಿಯಲು ಬೇಕಾದ ವೀಸಾವೂ ಕೈಯಲ್ಲಿರಬೇಕು. ಯುರೋಪಿನವರು ಬರೆದ ಸಲಹೆ ಓದಿದರೆ ಈ ಮಾತು ಅಲ್ಲಿ ಇರುವುದೇ ಇಲ್ಲ.

ಹಾಗಂತ ಹೆದರಿ ಎಲ್ಲದಕ್ಕೂ ಹಡಗಿನವರ ಟೂರೇ ಬೇಕು ಅಂತಲ್ಲ. ರಾತ್ರಿ ಉಳಿಯುವ ಪ್ರವಾಸದಲ್ಲಿ ಎರಡು ಬಗೆ ಇದೆ. ಒಂದರಲ್ಲಿ ಹಡಗು ಅದೇ ಬಂದರಿನಲ್ಲಿ ಎರಡು ದಿನ ನಿಂತಿರುತ್ತದೆ. ಆಗ ಮೊದಲ ದಿನ ಎಷ್ಟು ತಡವಾದರೂ ಏನೂ ಆಗುವುದಿಲ್ಲ. ಗಂಡಾಂತರ ಇರುವುದು ಎರಡನೇ ದಿನದ ಕೊನೇ ಅರ್ಧ ದಿನದಲ್ಲಿ ಮಾತ್ರ. ಇನ್ನೊಂದರಲ್ಲಿ ನಾವು ಒಂದು ಬಂದರಿನಲ್ಲಿ ಇಳಿಯುತ್ತೇವೆ, ಹಡಗು ರಾತ್ರಿಯೇ ಮುಂದಿನ ಬಂದರಿಗೆ ಹೋಗಿರುತ್ತದೆ, ನಾವು ರಸ್ತೆಯಲ್ಲಿ ಹೋಗಿ ಅಲ್ಲಿ ಹತ್ತಬೇಕು. ನನ್ನ ತೀರ್ಮಾನ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಸಿಂಗಾಪುರದಿಂದ ಹೊರಟ ನಮ್ಮ ಹಡಗು ಥಾಯ್ಲೆಂಡಿನ ಲೇಮ್ ಚಬಾಂಗ್ ಬಂದರಿನಲ್ಲಿ ರಾತ್ರಿ ನಿಲ್ಲುವುದಿತ್ತು. ಕಾಗದದಲ್ಲಿ 'ಬ್ಯಾಂಕಾಕ್' ಅಂತಲೇ ಬರೆದಿರುತ್ತಾರೆ, ಆದರೆ ಬಂದರಿಗೂ ಬ್ಯಾಂಕಾಕಿಗೂ ಸುಮಾರು 130 ಕಿಲೋಮೀಟರ್. ದಾರಿ ಖಾಲಿ ಇದ್ದರೆ ಎರಡು ಗಂಟೆ, ವಾಹನ ದಟ್ಟಣೆ ಸಿಕ್ಕಿದರೆ ಅದಕ್ಕಿಂತ ಎಷ್ಟೋ ಜಾಸ್ತಿ. ಹಡಗಿನವರ ಟೂರಿನಲ್ಲಿ ತಲೆಗೆ ಇಷ್ಟು ಅಂತ ದುಡ್ಡು. ನಾವೇ ಮಾಡಿಕೊಂಡರೆ ಗಾಡಿಗೆ ಇಷ್ಟು, ಕೋಣೆಗೆ ಇಷ್ಟು. ಗಂಡ ಹೆಂಡತಿ ಇಬ್ಬರೇ ಹೋದರೆ ಉಳಿತಾಯ ಅಂಥಾದ್ದೇನೂ ಇಲ್ಲ. ನಾವು ಮನೆಮಂದಿಯೆಲ್ಲ ಸೇರಿ ಒಂದು ವ್ಯಾನ್ ತುಂಬುತ್ತಿದ್ದೆವು. ಜೊತೆಗೆ ಮಂಡಿನೋವಿನ ಅತ್ತೆ. ಬಾವುಟ ಹಿಡಿದ ಗೈಡ್ ಹಿಂದೆ ನಲವತ್ತು ಜನರ ಜೊತೆ ಓಡುವುದು ಅವರಿಗೆ ಆಗದ ಮಾತು. ಹಾಗಾಗಿ ವ್ಯಾನ್ ಗೊತ್ತು ಮಾಡಿದೆ.

ವಾಟ್ ಫೋ ದೇವಾಲಯದಲ್ಲಿ ಇದು ಎಷ್ಟು ಒಳ್ಳೇದಾಯ್ತು ಅಂತ ಗೊತ್ತಾಯ್ತು. ಅಲ್ಲಿ ಮಲಗಿರುವ ಬುದ್ಧನ ಮೂರ್ತಿ 46 ಮೀಟರ್ ಉದ್ದ ಇದೆ. ಪಾದದ ಅಡಿಯಲ್ಲಿ ಮುತ್ತಿನ ಚಿಪ್ಪು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಮಾಡಿದ್ದಾರೆ. ಬೆನ್ನ ಹಿಂದಿನ ಗೋಡೆಗುಂಟ 108 ಕಂಚಿನ ಬೋಗುಣಿಗಳಿವೆ, ಒಂದೊಂದಕ್ಕೂ ಒಂದು ನಾಣ್ಯ ಹಾಕುತ್ತಾ ಹೋಗಬೇಕು. ಅತ್ತೆ ಚಿಲ್ಲರೆ ತಗೊಂಡು, ಗೋಡೆ ಹಿಡಿದುಕೊಂಡು, ಪ್ರತಿ ಬೋಗುಣಿಯ ಮುಂದೆ ನಿಂತು ಟಿಣ್ ಅಂತ ಹಾಕಿ, ಮನಸ್ಸಿನಲ್ಲಿ ಏನೋ ಹೇಳಿಕೊಂಡು ಮುಂದೆ ಹೋದರು. ಎಷ್ಟೋ ಹೊತ್ತು ಹಿಡಿಯಿತು. ಯಾರೂ ಅವರನ್ನು ಅವಸರ ಮಾಡಲಿಲ್ಲ. ನಾವು ಅಲ್ಲೇ ಹೊರಗೆ ನೆರಳಲ್ಲಿ ಕೂತಿದ್ದೆವು. ಅದೇ ಹೊತ್ತಿಗೆ ಹಡಗಿನ ಗುಂಪೊಂದು ಬಂದು, ಫೋಟೋ ತೆಗೆದು, ಹೋಗಿಯೂ ಆಗಿತ್ತು.

ಆದರೆ ಹೀಗೆ ನಿಧಾನವಾಗಿ ನೋಡಬೇಕಾದರೆ ಹಿಂದಿರುಗುವ ದಾರಿಯನ್ನು ಮೊದಲೇ ಗಟ್ಟಿ ಮಾಡಿಕೊಂಡಿರಬೇಕು. ಅರಮನೆ, ವಾಟ್ ಫೋ, ನದಿ, ದೂರದ್ದೆಲ್ಲ ಮೊದಲ ದಿನವೇ ಮುಗಿಸಿದೆವು. ಹೋಟೆಲನ್ನು ಊರಿನ ನಡುವೆ ಹಿಡಿಯಲಿಲ್ಲ. ಪೂರ್ವದ ಕಡೆ, ಬಂದರಿಗೆ ಹೋಗುವ ಹೆದ್ದಾರಿಗೆ ಹತ್ತಿರ ಹಿಡಿದೆವು. ಎರಡನೇ ದಿನ ಬೆಳಗಿನ ತಿಂಡಿ ಆದ ತಕ್ಷಣ ಹೊರಟು, ಮಧ್ಯಾಹ್ನದ ಊಟ ಬಂದರಿನ ಪಕ್ಕದ ಸಿ ರಾಚಾದಲ್ಲಿ ಮಾಡಿದೆವು. ಉಳಿದ ಹೊತ್ತು ಅಲ್ಲೇ ಸಮುದ್ರದ ದಂಡೆಯಲ್ಲಿ ಕಳೆದೆವು. ಸುಮ್ನೆ ಕೂರಲು ಇಷ್ಟು ದೂರ ಬರಬೇಕಿತ್ತಾ ಅಂತ ಭಾವ ಕೇಳಿದರು. ಹೌದು, ಬರಬೇಕಿತ್ತು. ಹಡಗು ಕಣ್ಣಳತೆಯ ದೂರದಲ್ಲಿದ್ದರೆ ಮಾತ್ರ ನೆಮ್ಮದಿಯಾಗಿ ಕೂರಬಹುದು.

ಗಡಿಯಾರದ ವಿಷಯ ಯಾರೂ ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಸಿಂಗಾಪುರದ ಗಡಿಯಾರ ಥಾಯ್ಲೆಂಡಿಗಿಂತ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ಬಂದರಿಗೆ ಬಂದಾಗ ಸಮಯ ಬದಲಿಸುತ್ತವೆ, ಕೆಲವು ಹೊರಟ ಊರಿನ ಸಮಯವನ್ನೇ ಇಟ್ಟುಕೊಳ್ಳುತ್ತವೆ. ನಮ್ಮ ಹಡಗು ಸಿಂಗಾಪುರದ ಸಮಯದಲ್ಲೇ ಇತ್ತು. ದಡಕ್ಕೆ ಇಳಿದ ಕೂಡಲೇ ಮೊಬೈಲ್ ತಾನಾಗಿ ಥಾಯ್ ಸಮಯಕ್ಕೆ ತಿರುಗುತ್ತದೆ. ನಾಲ್ಕು ಗಂಟೆಯೊಳಗೆ ಹತ್ತಬೇಕು ಅಂತ ಬರೆದಿದ್ದರೆ ಮೊಬೈಲಿನಲ್ಲಿ ಮೂರು ಆಗುವಷ್ಟರಲ್ಲೇ ಬಾಗಿಲಲ್ಲಿರಬೇಕು. ಇಳಿಯುವ ಮುಂಚೆ ರಿಸೆಪ್ಷನ್‌ನಲ್ಲಿ ಕೇಳಿ, ನಮ್ಮವರ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟೆವು. ಹತ್ತುವ ಗಡುವು ಹಡಗು ಹೊರಡುವ ಸಮಯಕ್ಕಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆ ಇರುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಆ ಗಡುವನ್ನೇ.

ಅದೇ ರಿಸೆಪ್ಷನ್‌ನಲ್ಲಿ ರಾತ್ರಿ ಹೊರಗೆ ಉಳಿಯುತ್ತೇವೆ ಅಂತಲೂ ಹೇಳಿಬಿಡಿ. ಹಡಗು ಹತ್ತುವಾಗಲೇ ಪಾಸ್‌ಪೋರ್ಟ್ ಇಸ್ಕೊಂಡು ತಾವೇ ಇಟ್ಟುಕೊಳ್ಳುವ ಹಡಗುಗಳಿವೆ. ಹೋಟೆಲಿನಲ್ಲಿ ಕೋಣೆ ಕೊಡಬೇಕಾದರೆ ಪಾಸ್‌ಪೋರ್ಟ್ ಕೇಳುತ್ತಾರೆ. ಹಿಂದಿನ ದಿನವೇ ಕೇಳಿ ಪಡೆದುಕೊಳ್ಳಬೇಕು.

ಈಜಿಪ್ಟ್ ಇನ್ನೊಂದು ಬಗೆ. ಅಲೆಕ್ಸಾಂಡ್ರಿಯಾದಲ್ಲಿ ಇಳಿದು, ಸುಮಾರು 220 ಕಿಲೋಮೀಟರ್ ದೂರದ ಕೈರೋಗೆ ಹೋಗಿ, ಪಕ್ಕದಲ್ಲೇ ಪಿರಮಿಡ್ ಇರುವ ಗೀಜಾದಲ್ಲಿ ರಾತ್ರಿ ಕಳೆದು, ಮರುದಿನ ಪೋರ್ಟ್ ಸೈದ್ ಬಂದರಿನಲ್ಲಿ ಹತ್ತುವುದು. ಅಷ್ಟರಲ್ಲಿ ಹಡಗು ಸಮುದ್ರದಲ್ಲಿ ಸುತ್ತಿ ಅಲ್ಲಿಗೆ ಬಂದಿರುತ್ತದೆ. ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತುತ್ತೇವೆ ಅಂದರೆ ಹಡಗಿನವರ ಒಪ್ಪಿಗೆ ಮೊದಲೇ ಬೇಕು, ಅದು ನಮ್ಮಿಷ್ಟಕ್ಕೆ ಆಗುವುದಲ್ಲ. ಇಂಥ ಕಡೆ ನಾನು ಯೋಚನೆಯೇ ಮಾಡುವುದಿಲ್ಲ. ಹಡಗಿನವರ ಟೂರೇ.

ಆ ಟೂರಿನ ಬಗ್ಗೆ ದೂರುಗಳೂ ಇವೆ. ಪಪೈರಸ್ (ಜೊಂಡಿನಿಂದ ಮಾಡುವ ಕಾಗದ) ಮಾರುವ ಅಂಗಡಿಯಲ್ಲಿ ಕೂರಿಸಿದಷ್ಟು ಹೊತ್ತು ಪಿರಮಿಡ್ ಮುಂದೆ ನಿಲ್ಲಲು ಬಿಡಲಿಲ್ಲ. ಇಡೀ ಬಸ್ಸಿಗೆ ಒಂದೇ ಗೈಡ್, ಹಿಂದಿನ ಸೀಟಿನವರಿಗೆ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ದುಡ್ಡೂ ಜಾಸ್ತಿಯೇ. ಹಡಗಿನ ಕೋಣೆಗೆ ಹೇಗೂ ಕೊಟ್ಟಾಗಿರುತ್ತದೆ, ಹೋಟೆಲಿನದ್ದು ಅದರ ಮೇಲೆ. ಆದರೆ ಎರಡನೇ ದಿನ ದಾರಿಯಲ್ಲಿ ತಪಾಸಣೆಗೆ ಬಸ್ಸು ಬಹಳ ಹೊತ್ತು ನಿಂತಿತು. ಗೈಡ್ ಹಡಗಿಗೆ ಫೋನ್ ಮಾಡಿ ಎರಡು ಮಾತಾಡಿ ಇಟ್ಟರು. ಬಸ್ಸಿನಲ್ಲಿ ಅರ್ಧ ಜನ ನಿದ್ದೆ ಮಾಡುತ್ತಿದ್ದರು. ನಾವೇ ಗೊತ್ತು ಮಾಡಿದ ಗಾಡಿಯಲ್ಲಿ ಕೂತಿದ್ದರೆ ಆ ಹೊತ್ತು ನನ್ನ ಜೀವ ಕೈಯಲ್ಲಿರುತ್ತಿತ್ತು. ಕೊಟ್ಟ ದುಡ್ಡು ಅದಕ್ಕೇ.

ನೀವೇ ಗಾಡಿ ಗೊತ್ತು ಮಾಡುವುದಾದರೆ, ಹಡಗು ಆ ಬಂದರಿಗೆ ಬಾರದೇ ಹೋದರೆ ದುಡ್ಡು ವಾಪಸ್ ಕೊಡುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ಗಾಳಿ ಜೋರಾದರೆ ಬಂದರು ಬಿಟ್ಟು ಹೋಗುವುದು ಹಡಗುಗಳಿಗೆ ಮಾಮೂಲು. ಹಡಗಿನವರ ಟೂರಾದರೆ ಆಗ ದುಡ್ಡು ತಾನಾಗಿ ವಾಪಸ್ ಬರುತ್ತದೆ. ಬೇರೆಯವರಲ್ಲಿ ಕೆಲವರು ಕೊಡುತ್ತಾರೆ, ಕೆಲವರು ಇಲ್ಲ. ಹೋಟೆಲನ್ನೂ ರದ್ದು ಮಾಡಬಹುದಾದದ್ದೇ ಹಿಡಿಯಿರಿ, ನಾಲ್ಕು ಕಾಸು ಜಾಸ್ತಿ ಆದರೂ ಪರವಾಗಿಲ್ಲ.

ಹಡಗಿನಲ್ಲಿ ದಿನಾ ಕೊಡುವ ಹಾಳೆಯಲ್ಲಿ ಆ ಬಂದರಿನಲ್ಲಿ ಹಡಗಿನವರ ಪರವಾಗಿ ಕೆಲಸ ನೋಡಿಕೊಳ್ಳುವ ಏಜೆಂಟರ ಫೋನ್ ನಂಬರ್ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಅಕಸ್ಮಾತ್ ಹಡಗು ತಪ್ಪಿದರೆ ಮೊದಲು ಮಾತಾಡಬೇಕಾದವರು ಅವರೇ. ಬಿ.ಪಿ., ಶುಗರ್ ಮಾತ್ರೆ ಒಂದು ರಾತ್ರಿಗೆ ಎಷ್ಟು ಬೇಕೋ ಅಷ್ಟೇ ತಗೊಂಡು ಇಳಿಯಬೇಡಿ, ಮೂರ್ನಾಲ್ಕು ದಿನಕ್ಕೆ ಆಗುವಷ್ಟು ಕೈಚೀಲದಲ್ಲಿರಲಿ. ನಮ್ಮಂಥ ಸಸ್ಯಾಹಾರಿಗಳಿಗೆ ಥಾಯ್ಲೆಂಡಿನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ. ಅಲ್ಲಿ 'ಜೇ' ಅಂತ ಬೋರ್ಡ್ ಇರುವ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ಡ್ರೈವರ್‌ಗೆ ಮೊದಲೇ ಹೇಳಿಟ್ಟರೆ ಅಂಥ ಕಡೆಯೇ ನಿಲ್ಲಿಸುತ್ತಾರೆ. ಅತ್ತೆ ಅಲ್ಲಿ ಹೊಟ್ಟೆ ತುಂಬ ಉಂಡರು.