ಕಪ್ಪು ಕೀಗಳನ್ನು ಹಿಡಿದು ಸ್ವರ, ಆಕ್ಟೇವ್ ಗುರುತಿಸಿದ ಬಗೆ

ಪಿಯಾನೋ ಕಲಿಯುವಾಗ ಬಿಳಿ ಕೀಗಳ ಮೇಲೆ ಸ್ವರದ ಹೆಸರಿನ ಸ್ಟಿಕ್ಕರ್ ಅಂಟಿಸುವ ದಾರಿಯನ್ನು ನಾನು ಹಿಡಿಯಲಿಲ್ಲ. ಸ್ಟಿಕ್ಕರ್ ಇದ್ದರೆ ಕಣ್ಣು ಅಕ್ಷರವನ್ನು ಓದುತ್ತದೆಯೇ ಹೊರತು ಕೀ ಎಲ್ಲಿದೆ ಎಂದು ನೋಡುವುದಿಲ್ಲ. ಕಿತ್ತು ಹಾಕಿದ ದಿನ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕಪ್ಪು ಕೀಗಳೇ ಸಾಕಷ್ಟು ಗುರುತು ಕೊಡುತ್ತವೆ.

ಅವು ಎರಡರ ಗುಂಪು, ಮೂರರ ಗುಂಪು, ಮತ್ತೆ ಎರಡರ ಗುಂಪು ಎಂದು ಸಾಗುತ್ತವೆ. ನಾನು ಸಿ ಬದಲು ಡಿ ಇಂದ ಆರಂಭಿಸಿದೆ. ಎರಡು ಕಪ್ಪು ಕೀಗಳ ನಟ್ಟನಡುವೆ ಕೂತಿರುವ ಬಿಳಿ ಕೀ ಅದು, ತಪ್ಪಲು ಸಾಧ್ಯವೇ ಇಲ್ಲ. ಅದರ ಎಡಕ್ಕೆ ಸಿ, ಬಲಕ್ಕೆ ಇ. ಮೂರರ ಗುಂಪಿನ ಎಡ ಅಂಚಿಗೆ ಎಫ್, ಒಳಗಿನ ಎರಡು ಸಂದುಗಳಲ್ಲಿ ಜಿ ಮತ್ತು ಎ, ಬಲ ಅಂಚಿಗೆ ಬಿ.

ಹೆಚ್ಚು ಗೊಂದಲವಾಗುವುದು ಸಿ ಮತ್ತು ಎಫ್ ನಡುವೆ. ಎರಡಕ್ಕೂ ಬಲಗಡೆ ಕಪ್ಪು ಕೀ ಇದೆ, ಎಡಗಡೆ ಇಲ್ಲ. ಪಕ್ಕದ ಒಂದೇ ಕೀ ನೋಡಿದರೆ ವ್ಯತ್ಯಾಸ ತಿಳಿಯದು. ಇ ಮತ್ತು ಬಿ ಕಥೆಯೂ ಇದೇ. ಇದಕ್ಕೆ ಕಣ್ಣು ಮುಚ್ಚಿ ಮಾಡುವ ಅಭ್ಯಾಸ ಒಳ್ಳೆಯದು. ಬಲಗೈಯ ತೋರುಬೆರಳು, ಮಧ್ಯದ ಬೆರಳುಗಳನ್ನು ಎರಡರ ಗುಂಪಿನ ಮೇಲಿಟ್ಟು ಹೆಬ್ಬೆರಳನ್ನು ಸಿ ಮೇಲೆ ಇಳಿಸಬೇಕು. ಮೂರರ ಗುಂಪಿಗೆ ಉಂಗುರಬೆರಳನ್ನೂ ಸೇರಿಸಿದರೆ ಹೆಬ್ಬೆರಳು ಎಫ್ ಮೇಲೆ ಬರುತ್ತದೆ. ಹೆಸರನ್ನು ಬಾಯಿಬಿಟ್ಟು ಹೇಳುತ್ತ ಕೆಳಗಿನ ತುದಿಯಿಂದ ಮೇಲಿನ ತುದಿಯವರೆಗೆ ಹೋಗಬೇಕು. 88 ಕೀಗಳ ಪಿಯಾನೋದಲ್ಲಿ ಸಿ ಎಂಟು ಸಲ ಸಿಗುತ್ತದೆ, ಎಫ್ ಏಳು ಸಲ. ಲೆಕ್ಕ ತಪ್ಪಿದರೆ ಎಲ್ಲೋ ಗುಂಪು ಅದಲುಬದಲಾಗಿದೆ ಎಂದೇ ಅರ್ಥ.

ಒಂದು ಸಿ ಇಂದ ಮುಂದಿನ ಸಿವರೆಗೆ ಒಂದು ಆಕ್ಟೇವ್: 12 ಸೆಮಿಟೋನ್, ಅಂದರೆ ಕಪ್ಪು ಬಿಳಿ ಎರಡನ್ನೂ ಸೇರಿಸಿ ಒಂದು ಕೀಯಿಂದ ಪಕ್ಕದ ಕೀಗೆ ಇಡುವ 12 ಹೆಜ್ಜೆ. ಕೀ ಎಣಿಸಿದರೆ 13 ಬರುತ್ತದೆ, ಏಕೆಂದರೆ ಹೊರಟ ಕೀಯೂ ಲೆಕ್ಕಕ್ಕೆ ಸೇರಿರುತ್ತದೆ. ಎಣಿಸಬೇಕಾದದ್ದು ಹೆಜ್ಜೆಗಳನ್ನು. ಇ ಇಂದ ಎಫ್, ಬಿ ಇಂದ ಸಿ ಎರಡೂ ಒಂದೊಂದೇ ಸೆಮಿಟೋನ್. ನಡುವೆ ಕಪ್ಪು ಕೀ ಇಲ್ಲದಿರುವುದು ಅದಕ್ಕೇ. ಒಂದು ಆಕ್ಟೇವ್ ಮೇಲೆ ಹೋದರೆ ಸೆಕೆಂಡಿಗೆ ಆಗುವ ಕಂಪನ (ಹರ್ಟ್ಜ್) ಇಮ್ಮಡಿಯಾಗುತ್ತದೆ: ಎ3 (ಅಕ್ಷರದ ಪಕ್ಕದ ಅಂಕೆ ಆಕ್ಟೇವಿನ ಸಂಖ್ಯೆ) 220 ಹರ್ಟ್ಜ್, ಎ4 440, ಎ5 880. ಆಕ್ಟೇವ್ ಅಂತರದ ಎರಡು ಕೀಗಳನ್ನು ಒಟ್ಟಿಗೆ ಒತ್ತಿದರೆ ಒಂದರೊಳಗೊಂದು ಕರಗಿದಂತೆ ಕೇಳಿಸುತ್ತವೆ. ಒಂದು ಕೀ ಪಕ್ಕಕ್ಕೆ ಸರಿದಿದ್ದರೂ ಕಿವಿಗೆ ಚುಚ್ಚುತ್ತದೆ. ಈ ಪರೀಕ್ಷೆಯನ್ನು ನಾನು ಈಗಲೂ ನಂಬುತ್ತೇನೆ. ಆಕ್ಟೇವಿನ ಅಗಲ ಸುಮಾರು 16.5 ಸೆಂ.ಮೀ.; ಕೈ ಚಿಕ್ಕದಿದ್ದರೆ ಹಿಗ್ಗಿಸಬೇಡಿ, ಎರಡು ಕೈಯಿಂದ ನುಡಿಸಿ.

ಆಕ್ಟೇವಿನ ಸಂಖ್ಯೆ ಬದಲಾಗುವುದು ಸಿ ಬಂದಾಗ, ಎ ಬಂದಾಗ ಅಲ್ಲ. ಬಿ3 ಆದ ಮೇಲಿನ ಕೀ ಸಿ4. ಅದೇ ಮಿಡಲ್ ಸಿ, ಸುಮಾರು 261.6 ಹರ್ಟ್ಜ್. 88 ಕೀಗಳಲ್ಲಿ ಎಡದಿಂದ ನಾಲ್ಕನೆಯ ಸಿ. ಸಿ ಇಂದಲೇ ಶುರುವಾಗುವ 61 ಕೀಗಳ ಕೀಬೋರ್ಡಿನಲ್ಲಿ ಮೂರನೆಯದು. ಯಮಹಾ ಇದನ್ನೇ ಸಿ3 ಎಂದು ಕರೆಯುತ್ತದೆ, ಆದರೆ ಮಿಡಿ (ಎಲೆಕ್ಟ್ರಾನಿಕ್ ವಾದ್ಯ, ಕಂಪ್ಯೂಟರ್‌ಗಳು ಸ್ವರವನ್ನು ಗುರುತಿಸುವ ಡಿಜಿಟಲ್ ಪದ್ಧತಿ) ಸಂಖ್ಯೆ ಎರಡು ಪದ್ಧತಿಯಲ್ಲೂ 60. ಎಲೆಕ್ಟ್ರಾನಿಕ್ ಕೀಬೋರ್ಡ್ ಆದರೆ ಕೂರುವ ಮೊದಲು ಸ್ವರವನ್ನು ಮೇಲೆ ಕೆಳಗೆ ಸರಿಸುವ ಸೆಟ್ಟಿಂಗ್‌ಗಳಾದ ಆಕ್ಟೇವ್, ಟ್ರಾನ್ಸ್‌ಪೋಸ್ ಎರಡೂ ಸೊನ್ನೆಯಲ್ಲಿವೆಯೇ ನೋಡಿ. ಟ್ರಾನ್ಸ್‌ಪೋಸ್ +2 ಇದ್ದರೆ ಸಿ ಒತ್ತಿದಾಗ ಡಿ ಕೇಳುತ್ತದೆ, ಕಿವಿ ತಪ್ಪು ಪಾಠ ಕಲಿಯುತ್ತದೆ.

ಸರಿಗಮ ಬಲ್ಲವರು ಸಿ ಅನ್ನೇ ಷಡ್ಜ (ಸ) ಎಂದು ಕಟ್ಟಿಹಾಕಬಾರದು. ಷಡ್ಜ ಯಾವ ಕೀ ಮೇಲೂ ಕೂರುತ್ತದೆ, ಸಿ ತನ್ನ ಜಾಗ ಬಿಡುವುದಿಲ್ಲ. ಇದನ್ನು ಕೈಯಲ್ಲೇ ನೋಡಲು ಸಿ ಇಂದ ಬಿಳಿ ಕೀಗಳಲ್ಲೇ ಸಿಗುವ 2-2-1-2-2-2-1 ಸೆಮಿಟೋನ್ ಹೆಜ್ಜೆಯನ್ನು ಜಿಯನ್ನು ಷಡ್ಜ ಮಾಡಿಕೊಂಡು ಅಲ್ಲಿಂದ ಹಾಕಿ. ಏಳನೆಯ ಸ್ವರಕ್ಕೆ ಎಫ್ ಅಲ್ಲ, ಪಕ್ಕದ ಕಪ್ಪು ಕೀ ಎಫ್ ಶಾರ್ಪ್ ಬರುತ್ತದೆ.