ಎಆರ್‌ಟಿ ಕೌಂಟರಿನಲ್ಲೇ ಆಸ್ಪಿರಿನ್: ನನ್ನ ಅನುಭವ

ಬಸಿರಿನಲ್ಲಿ ಬಿಪಿ ಅಪಾಯಕಾರಿಯಾಗಿ ಏರುವ ಪ್ರಿಎಕ್ಲಾಂಪ್ಸಿಯಾ ತಡೆಯಲು ಅದರ ಅಪಾಯವಿರುವವರಿಗೆ ಆಸ್ಪಿರಿನ್ ಕೊಡಬೇಕೆಂಬುದು ನಮಗೆಲ್ಲ ಗೊತ್ತು. ಎಚ್‌ಐವಿ ಇರುವ ಗರ್ಭಿಣಿಯರಿಗೆ ಅದನ್ನು 16 ವಾರದೊಳಗೆ ತಲುಪಿಸುವುದು ಹೇಗೆ ಎಂಬುದೇ ಬಾಗಲಕೋಟೆ ಜಿಲ್ಲೆಯ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಬಗೆಹರಿಯದೆ ಉಳಿದಿತ್ತು. ಸುದ್ದಿ ಊರಿಗೆ ಗೊತ್ತಾದೀತೆಂಬ ಅಂಜಿಕೆಯಿಂದ ತಾಯಿ ಕಾರ್ಡ್ ಮಾಡಿಸುವುದನ್ನೇ ಮುಂದೂಡುವ ಈ ಹೆಣ್ಣುಮಕ್ಕಳು ನನ್ನ ಬಳಿ ಬರುವ ಹೊತ್ತಿಗೆ ಐದು ತಿಂಗಳು ತುಂಬಿರುತ್ತಿತ್ತು.

ಮೊದಲು ಆಶಾ ಕಾರ್ಯಕರ್ತೆಯರ ಮೂಲಕ ಮಾತ್ರೆ ಕಳಿಸಿದೆವು. ನೆರೆಯವರ ಪ್ರಶ್ನೆಗೆ ಹೆದರಿ ಅನೇಕರು ತೆಗೆದುಕೊಳ್ಳಲೇ ಇಲ್ಲ. ಫೋನ್ ಮಾಡಿದರೆ ಅದು ಅತ್ತೆಯ ಕೈಯಲ್ಲಿರುತ್ತಿತ್ತು. ಒಂದೊಂದಕ್ಕೆ ಸುಮಾರು ಒಂದೂವರೆ ಸಾವಿರ ರೂಪಾಯಿ ಕೊಟ್ಟು ತಂದ ಬಿಪಿ ಯಂತ್ರಗಳನ್ನು ಮನೆಗೆ ಕೊಟ್ಟೆವು. ಕೆಲವು ಕೆಟ್ಟು ಬಂದವು, ಕೆಲವು ಬರಲೇ ಇಲ್ಲ, ಆ ಹಣವೆಲ್ಲ ಹೋಯಿತು.

ಆದರೆ ಇವರಲ್ಲಿ ಹೆಚ್ಚಿನವರು ಎಚ್‌ಐವಿ ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಆಸ್ಪತ್ರೆಯ ಕೌಂಟರಿನಿಂದ ಒಯ್ಯುವ ದಿನವನ್ನು ತಪ್ಪಿಸುತ್ತಿರಲಿಲ್ಲ. ಆದ್ದರಿಂದ ಕೊನೆಯ ಮುಟ್ಟಿನ ದಿನಾಂಕ ಕೇಳುವುದು, ಬಿಪಿ ನೋಡುವುದು, ಅಪಾಯದ ಲಕ್ಷಣವಿದ್ದವರಿಗೆ 12ನೇ ವಾರದಿಂದ 36ನೇ ವಾರದವರೆಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಡುವುದು, ಈ ಮೂರನ್ನೂ ಅದೇ ಕೌಂಟರಿಗೆ ತಂದೆ. ಎಚ್‌ಐವಿ ಇದೆ ಎಂಬುದೊಂದರಿಂದಲೇ ಆಸ್ಪಿರಿನ್ ಕೊಡಲಾಗದು ಎಂದು ಹಿರಿಯರು ಆಕ್ಷೇಪಿಸಿದರು, ಅದು ನಿಜವೇ. ಆದರೆ ಮೂವತ್ತೈದು ದಾಟಿ, ತೂಕ ಏರಿಸಿಕೊಂಡು, ಬಹಳ ವರ್ಷಗಳ ನಂತರ ಮತ್ತೆ ಬಸಿರಾದವರು ಎಲ್ಲ ಗರ್ಭಿಣಿಯರಿಗೂ ಅನ್ವಯಿಸುವ ಅಪಾಯದ ಪಟ್ಟಿಯ ಪ್ರಕಾರವೇ ಅರ್ಹರಾಗಿದ್ದರು. ಅವರನ್ನು ಯಾರೂ ಹುಡುಕುತ್ತಿರಲಿಲ್ಲ, ಅಷ್ಟೆ. ಒಬ್ಬರ ಪೂರ್ತಿ ಆಸ್ಪಿರಿನ್ ಖರ್ಚು ಇನ್ನೂರು ರೂಪಾಯಿ ದಾಟದು. ಅದನ್ನು ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಭರಿಸಿದೆವು. ಈಗ ಹೆಚ್ಚಿನವರು ನಾಲ್ಕು ತಿಂಗಳೊಳಗೇ ಆಸ್ಪಿರಿನ್ ಆರಂಭಿಸುತ್ತಾರೆ, ಬಿಪಿ ಕೈಮೀರಿ ರಾತ್ರೋರಾತ್ರಿ ಜಿಲ್ಲಾಸ್ಪತ್ರೆಗೆ ಕಳಿಸುವ ಪ್ರಸಂಗ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಸುತ್ತಲಿನ ತಾಲ್ಲೂಕುಗಳಲ್ಲಿ ಇದನ್ನು ಮೊದಲು ಮಾಡಿದವರು ನಾವೇ ಎಂದು ಹೆಮ್ಮೆಯಿಂದ ಹೇಳುತ್ತೇನೆ. ಕಡತ ನೋಡಿದ ಹೊರಗಿನವರಿಗೆ ಏನೂ ತಿಳಿಯದಂತೆ ನಾವು ಹಾಕುವ ಗುರುತನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಇದರ ಜೊತೆಗೆ ಮಾತ್ರೆಗಳ ಹೊತ್ತನ್ನೂ ಹೊಂದಿಸಿ ನೋಡಿದೆ. ಬರಿಹೊಟ್ಟೆಯಲ್ಲಿ ಕ್ಯಾಲ್ಸಿಯಂ ಅಥವಾ ಕಬ್ಬಿಣದೊಡನೆ ನುಂಗಿದರೆ ಎಚ್‌ಐವಿ ಔಷಧವಾದ ಡೊಲುಟೆಗ್ರಾವಿರ್ ಸರಿಯಾಗಿ ಹೀರಿಕೆಯಾಗದು. ಆದ್ದರಿಂದ ಟಿಎಲ್‌ಡಿ (ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ) ಮತ್ತು ಆಸ್ಪಿರಿನ್ ರಾತ್ರಿ ಊಟದ ನಂತರಕ್ಕೆ, ಕ್ಯಾಲ್ಸಿಯಂ ಮತ್ತು ಕಬ್ಬಿಣ ಹಗಲಿನ ಬೇರೆ ಬೇರೆ ಹೊತ್ತಿಗೆ ಎಂದು ನಿಗದಿ ಮಾಡಿದೆ. ರಾತ್ರಿ ನಿದ್ದೆ ಕೆಡುತ್ತದೆ ಎಂದವರಿಗೆ ಟಿಎಲ್‌ಡಿಯನ್ನು ಬೆಳಗಿನ ಊಟದೊಂದಿಗೆ ಕೊಟ್ಟು, ಕ್ಯಾಲ್ಸಿಯಂ ಅನ್ನು ಮಧ್ಯಾಹ್ನ ಮತ್ತು ರಾತ್ರಿಗೆ ಹಾಕಿದೆ.

ನನ್ನ ಮಟ್ಟಿಗೆ ಹೆಚ್ಚು ನೆರವಾದದ್ದು ಮೊದಲ ಭೇಟಿಯಲ್ಲೇ ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮತ್ತು ಮೂತ್ರದ ಆಲ್ಬುಮಿನ್ (ಪ್ರೋಟೀನ್) ಪರೀಕ್ಷೆ. ಡೊಲುಟೆಗ್ರಾವಿರ್ ಮೂತ್ರಪಿಂಡಕ್ಕೆ ಹಾನಿಯಿಲ್ಲದೆಯೂ ಕ್ರಿಯಾಟಿನಿನ್ ಅನ್ನು ತುಸು ಏರಿಸುತ್ತದೆ, ಟೆನೊಫೊವಿರ್ ನಿಜವಾಗಿಯೂ ಹಾನಿ ಮಾಡಬಹುದು. ಏಳನೇ ತಿಂಗಳಲ್ಲಿ ಬಿಪಿಯೊಡನೆ ಕ್ರಿಯಾಟಿನಿನ್ ಏರಿದಾಗ ಹಳೆಯ ಅಂಕಿ ಕೈಯಲ್ಲಿಲ್ಲದಿದ್ದರೆ ಕಾರಣ ಔಷಧವೋ ಪ್ರಿಎಕ್ಲಾಂಪ್ಸಿಯಾವೋ ಎಂದು ನಿರ್ಧರಿಸುವುದು ಬಹಳ ಕಷ್ಟ.

ಮೊದಲ ಔಷಧ ಫಲಿಸದವರಿಗೆ ಕೊಡುವ ಎರಡನೇ ಹಂತದ ಎಚ್‌ಐವಿ ಚಿಕಿತ್ಸೆಯಲ್ಲಿ ಅಟಜನಾವಿರ್–ರಿಟೊನಾವಿರ್ ತೆಗೆದುಕೊಳ್ಳುವವರಿಗೆ ಬಿಪಿ ಇಳಿಸಲು ನಾನು ಲ್ಯಾಬೆಟಲಾಲ್ ಅನ್ನೇ ಮೊದಲು ಕೊಡುತ್ತೇನೆ. ರಿಟೊನಾವಿರ್ ಇದ್ದಾಗ ಇನ್ನೊಂದು ಬಿಪಿ ಔಷಧವಾದ ನಿಫೆಡಿಪಿನ್ ರಕ್ತದಲ್ಲಿ ಹೆಚ್ಚಾಗಿ ಬಿಪಿ ತೀರಾ ಕುಸಿಯಬಹುದು. ಹೆರಿಗೆಯ ನಂತರ ರಕ್ತಸ್ರಾವವಾದರೂ ಇವರಿಗೆ ರಕ್ತಸ್ರಾವ ನಿಲ್ಲಿಸುವ ಮೆಥರ್ಜಿನ್ ಔಷಧ ಕೊಡಬಾರದೆಂದು ಹೆರಿಗೆ ಕೋಣೆಯ ಗೋಡೆಗೇ ಬರೆದು ಅಂಟಿಸಿದ್ದೇವೆ.