ಹಳೆಯ ಬೋಟು ಕೊಳ್ಳುವಾಗ ಇಂಜಿನ್ನಿನ ಗಂಟೆ ಲೆಕ್ಕವನ್ನು ಪರೀಕ್ಷಿಸುವ ಬಗೆ

ಕರಾವಳಿಯಲ್ಲಿ ಬಳಸಿದ ಫೈಬರ್ ಬೋಟೊಂದು ಮಾರಾಟಕ್ಕೆ ಬಂದರೆ, ಇಂಜಿನ್ ಎಷ್ಟು ಗಂಟೆ ಓಡಿದೆ ಎಂಬುದನ್ನೇ ಮಾರುವವರು ಮೊದಲು ಹೇಳುತ್ತಾರೆ. ಬೋಟಿನ ಬೆಲೆಯಲ್ಲಿ ದೊಡ್ಡ ಪಾಲು ಇಂಜಿನ್ನಿನದೇ ಆದ್ದರಿಂದ ಇದು ಸಹಜ. ಆದರೆ ಆ ಸಂಖ್ಯೆ ಮಾರುವವರ ಹೇಳಿಕೆ ಮಾತ್ರ. ಇಂಜಿನ್ನಿನ ಮೈಮೇಲಿನ ಗುರುತುಗಳು ಅದಕ್ಕೆ ಹೊಂದುತ್ತವೆಯೇ ಎಂದು ನೋಡುವುದು ಕೊಳ್ಳುವವರ ಕೆಲಸ. ಇಲ್ಲಿ ಹೇಳುವುದು ಮುಖ್ಯವಾಗಿ ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಫೋರ್ ಸ್ಟ್ರೋಕ್ ಪೆಟ್ರೋಲ್ ಔಟ್‌ಬೋರ್ಡ್ ಇಂಜಿನ್ನುಗಳ ಬಗ್ಗೆ. ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿಯ ಇಂಜಿನ್ನುಗಳ ವಿಚಾರ ಬೇರೆ.

ಮೊದಲು ಬೋಟು ಯಾವ ಕೆಲಸ ಮಾಡಿಕೊಂಡಿತ್ತು ಎಂದು ತಿಳಿಯಬೇಕು. ಸ್ವಂತ ವಿಹಾರಕ್ಕೆ ಇಟ್ಟುಕೊಂಡ ಬೋಟು ಸಾಮಾನ್ಯವಾಗಿ ವರ್ಷಕ್ಕೆ 50ರಿಂದ 100 ಗಂಟೆ ಓಡುತ್ತದೆ. ಪ್ರವಾಸಿಗರನ್ನು ಕರೆದೊಯ್ಯುವ ಬೋಟು ದಿನಕ್ಕೆ 4 ಗಂಟೆಯಂತೆ, ತಿಂಗಳಿಗೆ 25 ದಿನ, ಮಳೆಗಾಲ ಬಿಟ್ಟು 8 ತಿಂಗಳು ಓಡಿದರೂ ವರ್ಷಕ್ಕೆ 800 ಗಂಟೆ ಆಗಿಬಿಡುತ್ತದೆ. ಹಾಗಿರುವಾಗ ಐದು ವರ್ಷ ಬಾಡಿಗೆಗೆ ಓಡಿದ ಬೋಟಿನ ಮೀಟರು 600 ಎಂದು ತೋರಿಸಿದರೆ, ತಪ್ಪಿರುವುದು ಮೀಟರೇ. ಸರಿಯಾಗಿ ನೋಡಿಕೊಂಡ ಫೋರ್ ಸ್ಟ್ರೋಕ್ ಇಂಜಿನ್ 2000 ಗಂಟೆಯನ್ನೂ ದಾಟಬಲ್ಲದು. ಆದ್ದರಿಂದ ಸರ್ವಿಸ್ ಬಿಲ್ಲುಗಳಿರುವ 800 ಗಂಟೆಯ ಇಂಜಿನ್ನಿಗೆ ಹೆದರಬೇಕಾಗಿಲ್ಲ. ನನಗೆ ಹೆಚ್ಚು ಅನುಮಾನ ಹುಟ್ಟಿಸುವುದು ಐದಾರು ವರ್ಷದಲ್ಲಿ ಕೇವಲ 60 ಗಂಟೆ ಓಡಿದ ಇಂಜಿನ್. ನಿಂತಲ್ಲೇ ನಿಂತ ಇಂಜಿನ್ನಿನಲ್ಲಿ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಮಡಿಚಿಕೊಂಡೇ ಗಟ್ಟಿಯಾಗುತ್ತದೆ, ಸೀಲುಗಳು ಒಣಗುತ್ತವೆ, ಪೆಟ್ರೋಲ್ ಹಳಸಿ ಅಂಟು ಕಟ್ಟುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಟ್ಯಾಂಕಿನ ತಳದಲ್ಲಿ ನೀರು ಸೇರುವ ತೊಂದರೆಯೂ ಇದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ 10 ಅಶ್ವಶಕ್ತಿ ಮೀರಿದ ಇಂಜಿನ್ನಿನ ನಾಡದೋಣಿಗಳಿಗೂ ನಿಷೇಧವಿರುವುದರಿಂದ, ಮೀನುಗಾರಿಕೆಯಲ್ಲಿದ್ದ ಬೋಟಾದರೆ ಆ ಎರಡು ತಿಂಗಳು ಇಂಜಿನ್ನನ್ನು ಸಿಹಿನೀರಿನಲ್ಲಿ ತೊಳೆದು ಇಟ್ಟಿದ್ದರೇ ಎಂದು ಕೇಳಿ.

ಡ್ಯಾಶ್‌ಬೋರ್ಡಿನ ಮೀಟರನ್ನು ಬದಲಾಯಿಸುವುದು ಸುಲಭ. ಕೆಲವು ಮೀಟರುಗಳು ಇಂಜಿನ್ ಓಡದಿದ್ದರೂ ಕೀಲಿ ತಿರುಗಿಸಿದ್ದರೆ ಸಾಕು, ಎಣಿಸುತ್ತಲೇ ಇರುತ್ತವೆ. ಹಾಗಾಗಿ ಇಂಜಿನ್ನಿನೊಳಗಿನ ಕಂಪ್ಯೂಟರಿನ ದಾಖಲೆಯನ್ನೇ ಕೇಳಬೇಕು. ಯಮಹಾ, ಸುಝುಕಿ, ಮರ್ಕ್ಯುರಿ ಕಂಪನಿಗಳ ಫ್ಯೂಯೆಲ್ ಇಂಜೆಕ್ಷನ್ ಇಂಜಿನ್ನುಗಳಿಗೆ ಅಧಿಕೃತ ಸರ್ವಿಸ್‌ನವರು ಲ್ಯಾಪ್‌ಟಾಪ್ ಜೋಡಿಸಿದರೆ ಒಟ್ಟು ಗಂಟೆಗಳ ಜೊತೆಗೆ, ಯಾವ ವೇಗದಲ್ಲಿ ಎಷ್ಟು ಗಂಟೆ ಓಡಿದೆ, ಯಾವ ದೋಷಗಳು ದಾಖಲಾಗಿವೆ ಎಂಬುದೂ ಸಿಗುತ್ತದೆ. ಬಹುಪಾಲು ಗಂಟೆಗಳನ್ನು 3500 ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ಆಸುಪಾಸಿನಲ್ಲಿ ಕಳೆದ ಇಂಜಿನ್ನಿಗೂ ಸದಾ 5500ರ ಮೇಲೆ ಓಡಿದ ಇಂಜಿನ್ನಿಗೂ ಗಂಟೆ ಸಮವಾಗಿದ್ದರೂ ಸವೆತ ಸಮವಲ್ಲ. ಕಂಪ್ಯೂಟರನ್ನೇ ಬದಲಾಯಿಸಿದ್ದರೆ ಈ ದಾಖಲೆಯನ್ನೂ ನಂಬುವಂತಿಲ್ಲ. ಆಗಲೂ, ಹಳೆಯ ಕಾರ್ಬ್ಯುರೇಟರ್ ಇಂಜಿನ್ನುಗಳಲ್ಲೂ ಬಿಲ್ಲುಗಳೇ ಆಧಾರ. ಮೊದಲ ಸರ್ವಿಸ್ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಇಂಜಿನ್ ಆಯಿಲ್ ಮತ್ತು ಗೇರ್ ಆಯಿಲ್ ಬದಲಾಗಿರಬೇಕು. ಬಿಲ್ಲುಗಳಲ್ಲಿ ಬರೆದ ಗಂಟೆಗಳು ದಿನಾಂಕಕ್ಕೆ ತಕ್ಕಂತೆ ಏರುತ್ತಾ ಹೋಗಿವೆಯೇ ಎಂದು ಹೋಲಿಸಿ.

ಬೋಟು ನೋಡಲು ಹೋಗುವ ಮುನ್ನ, ನೀವು ಬರುವವರೆಗೆ ಇಂಜಿನ್ ಚಾಲೂ ಮಾಡಬಾರದೆಂದು ಸ್ಪಷ್ಟವಾಗಿ ತಿಳಿಸಿ. ಹೋದ ಕೂಡಲೇ ಸಿಲಿಂಡರ್ ಹೆಡ್ಡಿನ ಮೇಲೆ ಕೈ ಇಟ್ಟು ನೋಡಿ. ಬಿಸಿಯಾಗಿದ್ದರೆ ತಣ್ಣನೆಯ ಇಂಜಿನ್ ಹೇಗೆ ಚಾಲೂ ಆಗುತ್ತದೆ ಎಂಬುದನ್ನು ಯಾರೋ ಮರೆಮಾಚುತ್ತಿರಬಹುದು. ಮೇಲಿನ ಮುಚ್ಚಳ ತೆಗೆದಾಗ ಥರ್ಮೋಸ್ಟಾಟ್ ಸುತ್ತ, ಹೆಡ್ಡಿನ ಜೋಡಣೆಯಲ್ಲಿ ಬಿಳಿಯ ಉಪ್ಪು ಕಟ್ಟಿದ್ದರೆ ಅಲ್ಲಿಂದ ನೀರು ಜಿನುಗುತ್ತಿದೆ. ಬಣ್ಣ ಎದ್ದ ಬೋಲ್ಟುಗಳು ಆ ಭಾಗವನ್ನು ಹಿಂದೆ ಬಿಚ್ಚಿದ್ದಕ್ಕೆ ಗುರುತು. ಕಣ್ಣಿಗೆ ಕಾಣುವ ಸ್ವಲ್ಪ ತುಕ್ಕಿಗಿಂತ ತುಕ್ಕಿನ ಮೇಲೆ ಹೊಸದಾಗಿ ಸ್ಪ್ರೇ ಮಾಡಿದ ಬಣ್ಣ ಕೆಟ್ಟದ್ದು.

ಗೇರ್ ಆಯಿಲ್ ಪರೀಕ್ಷೆಯನ್ನು ಎಂದೂ ಬಿಡಬಾರದು. ಇಂಜಿನ್ ರಾತ್ರಿಯಿಡೀ ನೇರವಾಗಿ ನಿಂತಿದ್ದರೆ ಒಳಗೆ ಸೇರಿದ ನೀರು ತಳಕ್ಕೆ ಇಳಿದಿರುತ್ತದೆ. ಗೇರ್ ಪೆಟ್ಟಿಗೆಯ ಕೆಳಗಿನ ಸ್ಕ್ರೂವನ್ನು ಸ್ವಲ್ಪ ಸಡಿಲಿಸಿದರೆ ಮೊದಲು ಬರುವುದು ಅದೇ. ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಸೀಲು ಹೋಗಿದೆ. ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ಗಾಳದ ದಾರ ಅಥವಾ ಬಲೆಯ ನೂಲು ಸೀಲನ್ನು ಕತ್ತರಿಸುವುದು ಸಾಮಾನ್ಯ. ಸ್ಕ್ರೂವಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಹುಡಿ ಅಂಟಿದ್ದರೆ ಚಿಂತೆಯಿಲ್ಲ, ಲೋಹದ ಚೂರುಗಳಿದ್ದರೆ ಗೇರು ಅಥವಾ ಬೇರಿಂಗ್ ಸವೆಯುತ್ತಿದೆ. ನೀವು ಬರುವ ಹಿಂದಿನ ದಿನವೇ ಹೊಸ ಆಯಿಲ್ ತುಂಬಿಸಿರಲೂಬಹುದಾದ್ದರಿಂದ ಬೋಟು ಓಡಿಸಿ ಬಂದ ಮೇಲೆ ಇದನ್ನೇ ಇನ್ನೊಮ್ಮೆ ನೋಡಬೇಕು.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಯಲು ನಿಮ್ಮದೇ ಮೆಕ್ಯಾನಿಕ್ ಇರಲಿ. ಇಂಜಿನ್ ಬಿಸಿಯಾದ ಮೇಲೆ ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಕಿಡಿ ಬಾರದಂತೆ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಅಳೆಯಬೇಕು. ಇಲ್ಲಿ ಅಂಕಿ ಎಷ್ಟು ದೊಡ್ಡದು ಎಂಬುದಕ್ಕಿಂತ ಸಿಲಿಂಡರುಗಳ ನಡುವಿನ ಸಮತೆಯೇ ಮುಖ್ಯ: ಶೇ. 10ರೊಳಗಿನ ವ್ಯತ್ಯಾಸ ಸರಿ, ಶೇ. 15 ಮೀರಿದರೆ ಕಾರಣ ಗೊತ್ತಾಗುವವರೆಗೆ ಮುಂಗಡ ಕೊಡಬಾರದು.

ಕೊನೆಗೆ, ನೀವು ಮುಂದೆ ಕರೆದೊಯ್ಯುವಷ್ಟೇ ಜನರನ್ನು ಕೂರಿಸಿಕೊಂಡು ಅಳಿವೆ ದಾಟಿ ಓಡಿಸಿ ನೋಡಿ. ಇಂಜಿನ್ನಿನ ಪಕ್ಕದ ರಂಧ್ರದಿಂದ ನೀರಿನ ಧಾರೆ ಕಡಿಯದೆ ಬರುತ್ತಿರಬೇಕು. ಪೂರ್ತಿ ಥ್ರಾಟಲಿನಲ್ಲಿ ಕಂಪನಿ ಹೇಳಿದ ಮಿತಿಯನ್ನು, ಅನೇಕ ಇಂಜಿನ್ನುಗಳಲ್ಲಿ ಅದು 5000ದಿಂದ 6000 ಆರ್‌ಪಿಎಂ, ತಲುಪದಿದ್ದರೆ ಕೂಡಲೇ ಇಂಜಿನ್ನನ್ನು ದೂರಬೇಡಿ. ಹೊಂದದ ಪ್ರೊಪೆಲ್ಲರ್, ತಳಕ್ಕೆ ಅಂಟಿದ ಚಿಪ್ಪುಗಳೂ ಹಾಗೆ ಮಾಡುತ್ತವೆ. ಹಿಂದಿರುಗಿದ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಬಿಸಿಯಲ್ಲೇ ಮತ್ತೆ ಚಾಲೂ ಮಾಡಿಸಿ. ಇಂಜಿನ್ನಿನ ಮೇಲಿನ ನಂಬರು ಕಾಗದಪತ್ರದ ನಂಬರಿಗೆ ಹೊಂದುತ್ತದೆಯೇ, ಬ್ಯಾಂಕಿನ ಸಾಲ ತೀರಿದೆಯೇ ಎಂಬುದನ್ನೂ ಅಂದೇ ನೋಡಿಬಿಡಿ.

ಚೌಕಾಸಿಯ ವೇಳೆ ಇಂಪೆಲ್ಲರ್, ಸೀಲುಗಳಂತಹವನ್ನು ರಿಪೇರಿ ಖರ್ಚೆಂದು ಲೆಕ್ಕ ಹಾಕಿ ಬೆಲೆಯಿಂದ ಕಳೆಯಬಹುದು. ಕಂಪ್ರೆಷನ್ ಏರುಪೇರಾಗಿದ್ದೂ ಬೋಟು ಬೇಕೇ ಬೇಕೆನಿಸಿದರೆ ಇಂಜಿನ್ನಿಗೆ ಬೆಲೆ ಕಟ್ಟದೆ ಬೋಟಿನ ಒಡಲಿಗೆ ಮಾತ್ರ ದರ ಹೇಳುವುದು ಒಳ್ಳೆಯದು.